ಶ್ವಾಸಕೋಶದ ಅರ್ಬುದದಲ್ಲಿ ಶಿಲೀಂಧ್ರ ನಿದಾನ

ಹಳಸಿದ ರೊಟ್ಟಿಯ ಮೇಲೆ, ತೇವ ಹಿಡಿದ ಬಣವೆಯಲ್ಲಿ ಕಾಣುವ ಬೂಷ್ಟನ್ನು ಅರಿಯದವರಿಲ್ಲ. ಶಾಸ್ತ್ರಜ್ಞರು ಇದನ್ನು ಶಿಲೀಂಧ್ರವೆಂದು ಕರೆಯುತ್ತಾರೆ. ಇದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುವುದರಿಂದ ಮನುಷ್ಯನು ದಿನವೂ ಅವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಾನೆ. ಆರೋಗ್ಯವಂತನ ಶರೀರವು ಸದ್ದಿಲ್ಲದೆ ಅವನ್ನು ನಾಶಗೊಳಿಸುತ್ತದೆ. ಶ್ವಾಸಕೋಶದ ಅರ್ಬುದ, ಎಂದರೆ ಕ್ಯಾನ್ಸರ್, ಪೀಡಿತನ ಸ್ಥಿತಿಯಾದರೋ ಬೇರೆ. ಔಷಧಗಳಿಂದ ಬಿಳಿಯ ರಕ್ತಕಣಗಳು ಕುಗ್ಗಿ, ಸ್ಟೆರಾಯ್ಡುಗಳಿಂದ ಪ್ರತಿರೋಧಶಕ್ತಿ ಮಂದವಾಗಿ, ಗಡ್ಡೆಯು ಶ್ವಾಸನಾಳವನ್ನು ಅಡ್ಡಗಟ್ಟಿದಲ್ಲಿ, ಆ ಕಣಗಳೇ ಮೊಳೆತು ಅಂಗಾಂಶದೊಳಕ್ಕೆ ನುಗ್ಗುತ್ತವೆ.

ಇವುಗಳಲ್ಲಿ ಪ್ರಧಾನವಾದುದು ಆಸ್ಪರ್ಜಿಲ್ಲಸ್. ಇಟಲಿಯ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಮಿಕೇಲಿಯು 1729ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ, ಇಗರ್ಜಿಯಲ್ಲಿ ತೀರ್ಥವನ್ನು ಪ್ರೋಕ್ಷಿಸುವ ಸಾಧನದ ಆಕಾರ ನೆನಪಾಗಿ ಅದರ ಹೆಸರನ್ನೇ ಇಟ್ಟನು. ಪಾವನವಾದ ಹೆಸರು ಘಾತುಕ ಜೀವಿಗೆ ಅಂಟಿದ್ದು ಶಬ್ದಲೋಕದ ವಿನೋದವೆನ್ನಬೇಕು.

ರೋಗದ ಮೂಲವನ್ನು ಗುರುತಿಸುವುದಕ್ಕೆ ಆಯುರ್ವೇದದಲ್ಲಿ 'ನಿದಾನ'ವೆಂದು ಹೆಸರು. ಇಲ್ಲಿ ನಿದಾನವು ಕಠಿಣ, ನಿಧಾನವು ಅಪಾಯಕರ. ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಇವು ಅರ್ಬುದಕ್ಕೂ ಕ್ಷಯಕ್ಕೂ ಶಿಲೀಂಧ್ರಕ್ಕೂ ಸಾಮಾನ್ಯ ಲಕ್ಷಣಗಳು. ಸಿ.ಟಿ. ಚಿತ್ರದಲ್ಲಿ ಗಂಟಿನ ಸುತ್ತ ಮಸುಕಾದ ಪ್ರಭಾವಲಯ ಕಂಡರೆ ಸಂಶಯ ಬಲಿಯುವುದು ನಿಜ. ಆದರೆ ಆ ವಲಯವೂ ಒಳಗೆ ಪೊಳ್ಳಾದ ಕುಹರವೂ ಅರ್ಬುದದಲ್ಲಿಯೂ ತೋರಬಹುದು. ಪೆಟ್ ಚಿತ್ರದಲ್ಲಿ ಎರಡೂ ಬೆಳಗುತ್ತವೆ. ಹೊಸ ನೆರಳನ್ನು ಅರ್ಬುದದ ಹರಡುವಿಕೆಯೆಂದೇ ಬಗೆದು ಉಗ್ರತರ ಔಷಧ ಕೊಟ್ಟರೆ, ಬೂಷ್ಟಿಗೆ ದಾರಿ ಸುಗಮಗೊಳಿಸಿದಂತಾಗುತ್ತದೆ.

ಕಫದಲ್ಲಿ ಶಿಲೀಂಧ್ರ ಬೆಳೆದ ಮಾತ್ರಕ್ಕೆ ರೋಗವೆನ್ನಲಾಗದು. ಅದು ಶ್ವಾಸನಾಳದಲ್ಲಿ ಸುಮ್ಮನೆ ನೆಲೆಸಿರಲೂಬಹುದು. ಬೆಳೆಯದಿದ್ದರೆ ರೋಗವಿಲ್ಲವೆಂದೂ ಹೇಳುವಂತಿಲ್ಲ. ಆಸ್ಪರ್ಜಿಲ್ಲಸ್ ತನ್ನ ಕೋಶಭಿತ್ತಿಯಿಂದ ಬಿಡುವ ಗ್ಯಾಲಕ್ಟೋಮನ್ನಾನ್ ಎಂಬ ಶರ್ಕರಾಂಶವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಯು, ನ್ಯೂಟ್ರೋಫಿಲ್ ಕಣಗಳು ತೀರ ಇಳಿದ ರಕ್ತಾರ್ಬುದ ರೋಗಿಗಳಲ್ಲಿ ಹೆಚ್ಚು ಫಲಕಾರಿ. ಶ್ವಾಸಕೋಶಾರ್ಬುದದವರಲ್ಲಿ ಅನೇಕರಿಗೆ ಆ ಕಣಗಳು ಅಷ್ಟು ಇಳಿದಿರುವುದಿಲ್ಲ. ಆದಕಾರಣ ರಕ್ತಪರೀಕ್ಷೆ ಹುಸಿಯಾಗಿ ನಿರಾಳಗೊಳಿಸಬಹುದು. ಬ್ರಾಂಕೋಸ್ಕೋಪನ್ನು ಇಳಿಸಿ, ಲವಣಜಲದಿಂದ ಶ್ವಾಸಕೋಶದ ಭಾಗವನ್ನು ತೊಳೆದು, ಆ ದ್ರವವನ್ನೇ ಪರೀಕ್ಷಿಸುವುದು ಮೇಲು.

ಪ್ರತ್ಯಕ್ಷ ಪ್ರಮಾಣವೆಂದರೆ ಅಂಗಾಂಶದ ತುಣುಕು. ಬೆಳ್ಳಿಯ ವರ್ಣಲೇಪದಲ್ಲಿ ಆಸ್ಪರ್ಜಿಲ್ಲಸಿನ ಎಳೆಗಳು ಅಡ್ಡಗೋಡೆಗಳಿಂದ ಕೂಡಿ, ಸುಮಾರು 45 ಅಂಶದ ಕೋನದಲ್ಲಿ ಕವಲೊಡೆದು ಕಾಣುತ್ತವೆ. ಮ್ಯೂಕರ್ ಗಣದವು ಅಗಲವಾಗಿ, ಅಡ್ಡಗೋಡೆ ವಿರಳವಾಗಿ, ಹೆಚ್ಚು ಅಗಲದ ಕೋನದಲ್ಲಿ ಚಾಚುತ್ತವೆ. ಆದರೆ ಬಳಲಿದ ರೋಗಿಯ ಎದೆಗೆ ಸೂಜಿ ಚುಚ್ಚಿದಾಗ ರಕ್ತಸ್ರಾವವೂ ಶ್ವಾಸಕೋಶದಿಂದ ಗಾಳಿಯ ಸೋರಿಕೆಯೂ ಉಂಟಾಗುವ ಭಯವುಂಟು. ತಜ್ಞರ ಅಂತಾರಾಷ್ಟ್ರೀಯ ಮಂಡಲಿಯು 2020ರಲ್ಲಿ ಪ್ರಕಟಿಸಿದ ಪರಿಷ್ಕೃತ ಸೂತ್ರಗಳಲ್ಲಿ ಸಿದ್ಧ, ಸಂಭಾವ್ಯ, ಶಂಕಿತ ಎಂಬ ಮೂರು ದರ್ಜೆಗಳಿವೆ. ಅವು ಸಂಶೋಧನೆಗಾಗಿ ರಚಿತವಾದವು. ವೈದ್ಯನು ಹಲವೊಮ್ಮೆ ಅನುಮಾನ ಪ್ರಮಾಣದಿಂದಲೇ ಚಿಕಿತ್ಸೆ ಆರಂಭಿಸಬೇಕಾಗುತ್ತದೆ.

ಹೆಸರನ್ನು ನಿಶ್ಚಯಿಸುವ ಈ ಶ್ರಮ ವ್ಯರ್ಥವಲ್ಲ. ಆಸ್ಪರ್ಜಿಲ್ಲಸನ್ನು ಅಡಗಿಸುವ ವೋರಿಕೊನಜೋಲ್ ಮ್ಯೂಕರಿನ ಮೇಲೆ ನಡೆಯದು. ಅದಕ್ಕೆ ಆಂಫೋಟೆರಿಸಿನ್ ಬೇಕು. ಮೇಲಾಗಿ ವೋರಿಕೊನಜೋಲು ಯಕೃತ್ತಿನ ಕೆಲವು ಕಿಣ್ವಗಳನ್ನು ತಡೆದು ಕೆಲವು ಅರ್ಬುದೌಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುವುದರಿಂದ, ಅವೆರಡನ್ನೂ ಸರಿದೂಗಿಸಿಕೊಂಡೇ ಕೊಡಬೇಕಾಗುತ್ತದೆ.