‘ಪಗಾರ’ದ ಅರ್ಜಿ ತಿರಸ್ಕೃತವಾದರೆ ಮುಂದೇನು?

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಅಂಗವಿಕಲರ ಮಾಸಾಶನಕ್ಕೆ ಜನ ‘ಪಗಾರ’ ಅಂತಲೇ ಅನ್ನುತ್ತಾರೆ. ಅದರ ಅರ್ಜಿ ತಿರಸ್ಕೃತವಾದಾಗ ಬಹಳ ಸಲ ಸಿಗುವ ಸಲಹೆ ಒಂದೇ: ‘ಇನ್ನೊಂದು ಅರ್ಜಿ ಹಾಕ್ರಿ.’ ಅಷ್ಟಕ್ಕೇ ಒಪ್ಪಿ ಮನೆಗೆ ಬರಬೇಡಿ. ಕಾರಣ ಸರಿಪಡಿಸದೆ ಹಾಕಿದ ಹೊಸ ಅರ್ಜಿಯೂ ಅದೇ ಕಾರಣಕ್ಕೆ ಬೀಳುತ್ತದೆ. ಅಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದಿರುತ್ತದೆ.

ಮೊದಲು ಹಿಂಬರಹ ಪಡೆಯಿರಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಬಂದ ಸಕಾಲ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಅದನ್ನು ತೋರಿಸಿ, ಕಾರಣವೂ ದಿನಾಂಕವೂ ಇರುವ ತಿರಸ್ಕಾರದ ಹಿಂಬರಹವನ್ನು ಬರವಣಿಗೆಯಲ್ಲಿ ಕೇಳಿ. ಸಕಾಲ ಕಾಯ್ದೆಯಡಿ ಮೊದಲ ಮೇಲ್ಮನವಿಗೆ 30 ದಿನ ಇದೆ. ಅರ್ಜಿ ಕೊಟ್ಟು ಸ್ವೀಕೃತಿಯಲ್ಲಿರುವ ಅವಧಿ ಮೀರಿದರೂ ಉತ್ತರವೇ ಬರದಿದ್ದರೆ, ಅದಕ್ಕೂ ಮೇಲ್ಮನವಿ ಉಂಟು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು.

ಈಗ ಕಾರಣ ಓದಿ. ಇದರ ಮೇಲೆ ನೀವು ಹೋಗಬೇಕಾದ ಕಚೇರಿ ನಿಂತಿದೆ. ಆದಾಯ, ವಾಸಸ್ಥಳ, ಹೆಸರಿನ ವ್ಯತ್ಯಾಸ, ಬೇರೆ ಪಿಂಚಣಿ ಬರುತ್ತಿದೆ ಎಂಬ ಆಕ್ಷೇಪ ಇವೆಲ್ಲ ಕಂದಾಯ ಇಲಾಖೆಯವು. ಅಂಗವೈಕಲ್ಯ ಶೇಕಡ 40ಕ್ಕಿಂತ ಕಡಿಮೆ ಎಂದಿದ್ದರೆ ಅದು ವೈದ್ಯಕೀಯ ಪ್ರಶ್ನೆ. ಅದನ್ನು ತಹಶೀಲ್ದಾರರ ಮುಂದೆ ಎಷ್ಟು ವಾದಿಸಿದರೂ ಫಲವಿಲ್ಲ, ಶೇಕಡಾವಾರು ಬದಲಿಸುವ ಅಧಿಕಾರ ಅವರಿಗಿಲ್ಲ.

ಕಂದಾಯದ ಕಾರಣವಾದರೆ, ಆದೇಶಕ್ಕೆ ಸಹಿ ಮಾಡಿದವರ ಮೇಲಿನ ಅಧಿಕಾರಿಗೆ ಬರೆಯಿರಿ. ತಹಶೀಲ್ದಾರರ ಸಹಿ ಇದ್ದರೆ ಸಾಮಾನ್ಯವಾಗಿ ಅದು ವಿಜಯಪುರದ ಉಪವಿಭಾಗಾಧಿಕಾರಿ. ಕಚೇರಿಯ ಸಕಾಲ ಫಲಕ ನೋಡಿ ಖಚಿತಪಡಿಸಿಕೊಳ್ಳಿ. ಮನವಿಯಲ್ಲಿ ಕಷ್ಟದ ಕಥೆಗಿಂತ ಹಿಂಬರಹದ ಕಾರಣಕ್ಕೆ ನೇರ ಉತ್ತರ ಇರಲಿ: ‘ಆದಾಯ ಹೆಚ್ಚು ಎಂದು ತಿರಸ್ಕರಿಸಲಾಗಿದೆ. ಬೇರೆ ಸಂಸಾರ ಹೂಡಿರುವ ಮಗನ ಗಳಿಕೆಯನ್ನು ಸೇರಿಸಲಾಗಿದೆ. ನಮ್ಮ ಪಡಿತರ ಚೀಟಿಯ ಪ್ರತಿ ಲಗತ್ತಿಸಿದೆ. ಸ್ಥಳ ಪರಿಶೀಲನೆ ಮತ್ತೆ ನಡೆಸಬೇಕು.’ ಇಷ್ಟು ಸಾಕು. ಒಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ.

ನಮ್ಮ ಭಾಗದ್ದೇ ಒಂದು ತೊಡಕಿದೆ. 2017ರ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳಾಗಿ ಘೋಷಣೆಯಾಗುವ ಮೊದಲು ತಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ತಾಲ್ಲೂಕಿನಲ್ಲಿದ್ದವು. ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಂದು ಬದಲಾಯಿತು. ಹೀಗಾಗಿ ಕಣಮಡಿಯವರದೋ ಮಮದಾಪುರದವರದೋ ಹಳೆಯ ಕಾಗದದಲ್ಲಿ ‘ತಾ. ಬಿಜಾಪುರ’ ಎಂದೇ ಇರಬಹುದು. ವಿಳಾಸ ತಾಳೆಯಾಗಿಲ್ಲ ಎಂಬ ಆಕ್ಷೇಪ ಬಂದರೆ ಈ ಎರಡು ಬದಲಾವಣೆಗಳನ್ನೇ ಮನವಿಯಲ್ಲಿ ಬರೆಯಿರಿ.

ಗ್ರಾಮ ಆಡಳಿತ ಅಧಿಕಾರಿಯ ವರದಿಯಲ್ಲಿ ಏನಿದೆ ಎಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಆದರೆ ಅದರ ಉತ್ತರಕ್ಕೂ 30 ದಿನದ ಕಾಲಾವಕಾಶ ಇದೆ. ಅದಕ್ಕಾಗಿ ಕಾಯುತ್ತ ಕೂತರೆ ಗಡುವು ತಪ್ಪುತ್ತದೆ. ಮೇಲ್ಮನವಿ ಮೊದಲು ಹಾಕಿ, ವರದಿ ಬಂದ ಮೇಲೆ ಹೆಚ್ಚುವರಿ ದಾಖಲೆಯಾಗಿ ಕೊಡಿ.

ಇನ್ನು ಶೇಕಡಾವಾರಿನ ವಿಷಯ. ನನ್ನ ಮಟ್ಟಿಗೆ ಅತಿ ಹೆಚ್ಚು ಅನ್ಯಾಯ ಗಮನಕ್ಕೆ ಬಾರದೆ ಉಳಿಯುವುದು ಇಲ್ಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪ್ರಮಾಣಪತ್ರ ಕೊಡಲಾಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ನಿರ್ಧಾರ ಒಪ್ಪಿಗೆಯಾಗದಿದ್ದರೆ 59ನೇ ಕಲಂನಡಿ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಹೋಗಬಹುದು. ಅಥಣಿ ರಸ್ತೆಯ ಜಿಲ್ಲಾ ಆಸ್ಪತ್ರೆಯಲ್ಲೇ ಅದರ ವಿವರ ಕೇಳಿ.

ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿ. ಎರಡು ವೈಕಲ್ಯ ಇದ್ದರೆ ಅವನ್ನು ಸುಮ್ಮನೆ ಕೂಡಿಸುವುದಿಲ್ಲ, ಹಾಗೆಂದು ದೊಡ್ಡದನ್ನು ಮಾತ್ರ ಹಿಡಿಯುವುದೂ ಅಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಕಾಲಿನದು 30, ಕಿವಿಯದು 20 ಎಂದುಕೊಳ್ಳಿ. 60ನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13ಕ್ಕಿಂತ ತುಸು ಹೆಚ್ಚು. ಒಟ್ಟು 43 ದಾಟುತ್ತದೆ. ಕಾಲು ಮಾತ್ರ ತೋರಿಸಿ 30ಕ್ಕೇ ನಿಂತವರು ಪಗಾರವಿಲ್ಲದೆ ಕೂತಿರುತ್ತಾರೆ. ಕಿವಿ, ಕಣ್ಣು, ಮಾನಸಿಕ ಕಾಯಿಲೆ ಯಾವುದೇ ಇರಲಿ, ಬಹುವಿಧ ವೈಕಲ್ಯದ ತಪಾಸಣೆಗೆ ಬರವಣಿಗೆಯಲ್ಲಿ ಕೋರಿ. ತಿಕೋಟಾ ಕಡೆಯವರು ಮಿರಜದಲ್ಲಿ ಚಿಕಿತ್ಸೆ ಪಡೆದಿದ್ದರೆ ಅಲ್ಲಿನ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಶ್ರವಣ ಪರೀಕ್ಷೆಯ ವರದಿ ಎಲ್ಲ ಜೋಡಿಸಿ ಒಯ್ಯಿರಿ.

ಮಂಜೂರಾಗಿಯೂ ಹಣ ನಿಂತಿದ್ದರೆ ಅದು ತಿರಸ್ಕಾರವಲ್ಲದಿರಬಹುದು. ಖಾತೆಗೆ ಆಧಾರ್ ಜೋಡಣೆ ತಪ್ಪಿದೆಯೇ ಎಂದು ಮೊದಲು ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ನೋಡಿ.

ಓಡಾಡಲು ಆಗದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಮೊದಲ ಮೇಲ್ಮನವಿಯೂ ಬಿದ್ದರೆ ಎರಡನೆಯದಕ್ಕೆ ಅವಕಾಶವಿದೆ, ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೂ ದೂರು ಬರೆಯಬಹುದು. ಅಲ್ಲೂ ಆಗದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಅಂಗವಿಕಲರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕರೆ ಮಾಡುವಾಗ ಹಿಂಬರಹ ಕೈಯಲ್ಲಿರಲಿ, ಅದರ ದಿನಾಂಕ ಹೇಳಬೇಕಾಗುತ್ತದೆ.