ಒಂಟಿ ದುಂಬಿಗಳ ಸಂಸಾರ

ಜೇನುಹುಳು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಜೇನುಹಟ್ಟಿ, ಅದರೊಳಗಿನ ರಾಣಿ, ಸಾವಿರಾರು ಕೆಲಸಗಾರ ನೊಣಗಳು ಮತ್ತು ಆ ಹಟ್ಟಿಯಿಂದ ಹಿಂಡಿ ತೆಗೆದ ತುಪ್ಪ. ಪಾಠದ ಪುಸ್ತಕಗಳೂ ಬಹುಮಟ್ಟಿಗೆ ಇಷ್ಟನ್ನೇ ಹೇಳಿ ಸುಮ್ಮನಾಗುವುವು. ಆದರೆ ವಿಜ್ಞಾನಿಗಳು ಈವರೆಗೆ ಹೆಸರಿಟ್ಟು ಗುರುತಿಸಿರುವ ಜೇನುಕುಲದ ಜಾತಿಗಳು ೨೦,೦೦೦ಕ್ಕೂ ಮಿಗಿಲು. ಅವುಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು ಮುಂತಾದ ಏಪಿಸ್ ಗಣದವು ಹತ್ತು ಹನ್ನೆರಡನ್ನು ಮೀರವು. ಮಿಕ್ಕವುಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವಂಥವು. ಅವಕ್ಕೆ ರಾಣಿಯಿಲ್ಲ, ಆಳುಗಳಿಲ್ಲ, ನಮಗೆ ಕೊಡಲು ತುಪ್ಪವೂ ಇಲ್ಲ. ತಾಯಿಹುಳು ತಾನೊಂದೇ ಗೂಡು ತೋಡಿ, ಮಕ್ಕಳಿಗೆ ಬುತ್ತಿ ಕಟ್ಟಿಟ್ಟು, ಬಾಗಿಲು ಮುಚ್ಚಿ ಹೊರಟುಹೋಗುವುದು. ತುಪ್ಪ ಕೊಡದ ಕಾರಣದಿಂದಲೋ ಏನೋ, ಮನುಷ್ಯನು ಅವುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಸರಿನ ವಿಷಯವಾಗಿ ಒಂದು ಮಾತು. ನಮ್ಮ ಕವಿಗಳು ದುಂಬಿ, ಭೃಂಗ, ಮಧುಕರ, ಆರಡಿ, ಷಟ್ಪದ ಎಂದು ಹತ್ತಾರು ಹೆಸರುಗಳನ್ನು ಬಳಸಿದರು. ನೀವು ಛಂದಸ್ಸಿನಲ್ಲಿ ಓದುವ ಷಟ್ಪದಿಗೂ ಈ ಹುಳುವಿಗೂ ‘ಆರು ಕಾಲು’ ಎಂಬ ಅರ್ಥ ಸಮಾನ. ಆದರೆ ಯಾವ ಹೆಸರು ಯಾವ ಹುಳುವಿನದೆಂದು ಬೇರ್ಪಡಿಸುವ ಗೊಡವೆಗೆ ಅವರು ಹೋಗಲಿಲ್ಲ. ನಮ್ಮ ದೇಶದ ದುಂಬಿಗಳನ್ನೂ ಕಣಜಗಳನ್ನೂ ಒಂದೊಂದಾಗಿ ವರ್ಣಿಸಿ ದೊಡ್ಡ ಗ್ರಂಥವನ್ನು ಹೊರತಂದವನು ಚಾರ್ಲ್ಸ್ ಬಿಂಗ್‌ಹ್ಯಾಮ್ ಎಂಬ ಸೇನಾಧಿಕಾರಿ; ಅದು ೧೮೯೭ರಲ್ಲಿ ಅಚ್ಚಾಯಿತು. ಇಂದು ಭಾರತದಲ್ಲಿ ಆರು ನೂರಕ್ಕೂ ಮೇಲ್ಪಟ್ಟು ಜಾತಿಗಳು ಗುರುತಾಗಿವೆ.

ಇವು ಎಲ್ಲಿಂದ ಬಂದವು? ಇವುಗಳ ಪೂರ್ವಜರು ಬೇಟೆಗಾರ ಕಣಜಗಳು. ಕಣಜವು ಹುಳುವನ್ನೋ ಜೇಡವನ್ನೋ ಕುಟುಕಿ, ಅದು ಮಿಸುಕದಂತೆ ಮಾಡಿ, ಹೊತ್ತು ತಂದು ತನ್ನ ಮರಿಯ ಪಕ್ಕದಲ್ಲಿ ಇಡುವುದನ್ನು ಹಳ್ಳಿಯ ಮನೆಗಳಲ್ಲಿ ನೋಡಿದವರುಂಟು. ಸುಮಾರು ಹನ್ನೆರಡು ಕೋಟಿ ವರ್ಷಗಳ ಹಿಂದೆ, ಹೂಬಿಡುವ ಸಸ್ಯಗಳು ಭೂಮಿಯ ಮೇಲೆ ಹರಡತೊಡಗಿದ ಕಾಲದಲ್ಲಿ, ಇಂಥ ಕಣಜಗಳ ಒಂದು ಕವಲು ಮಾಂಸವನ್ನು ಬಿಟ್ಟು ಪರಾಗವನ್ನು ಹಿಡಿಯಿತು. ಜೇನುಕುಲಕ್ಕೆ ಅತಿ ಹತ್ತಿರದ ನೆಂಟರು ಥ್ರಿಪ್ಸ್ ನುಸಿಗಳನ್ನು ಬೇಟೆಯಾಡುವ ಪುಟ್ಟ ಕಣಜಗಳೆಂದು ೨೦೧೮ರಲ್ಲಿ ನಡೆದ ವಂಶವಾಹಿಗಳ ಅಧ್ಯಯನವೊಂದು ತೋರಿಸಿತು. ಈ ನುಸಿಗಳಲ್ಲಿ ಹಲವು ಹೂವಿನೊಳಗೇ ವಾಸಿಸುವುವು. ಪರಾಗ ಮೆತ್ತಿದ ನುಸಿಯನ್ನು ತಂದ ತಾಯಿ ಕ್ರಮೇಣ ನುಸಿಯನ್ನು ಬಿಟ್ಟು ಪರಾಗವನ್ನೇ ತರತೊಡಗಿರಬೇಕೆಂದು ಪಂಡಿತರ ಊಹೆ. ಪರಾಗದಲ್ಲಿಯೂ ಮಾಂಸದಂತೆ ಸಸಾರಜನಕ ಧಾರಾಳವಾಗಿರುವುದರಿಂದ ಮರಿಗೆ ಕೊರತೆಯಾಗಲಿಲ್ಲ. ಕಾಲಾಂತರದಲ್ಲಿ ಮೈಮೇಲಿನ ಕೂದಲುಗಳು ಹಕ್ಕಿಯ ಗರಿಯಂತೆ ಕವಲೊಡೆದವು. ಪರಾಗದ ಕಣಗಳು ಅವುಗಳಲ್ಲಿ ಸಿಕ್ಕಿಕೊಳ್ಳುವುವು. ದುಂಬಿಯನ್ನು ಕಣಜದಿಂದ ಬೇರ್ಪಡಿಸುವ ಗುರುತುಗಳಲ್ಲಿ ಇದು ಮುಖ್ಯವಾದುದು.

ದುಂಬಿಯು ಹೂವಿಗೆ ಉಪಕಾರ ಮಾಡಲೆಂದು ಬರುವುದೆಂದು ಭಾವಿಸಬೇಡಿರಿ. ಪರಾಗವು ಗಿಡಕ್ಕೆ ವಂಶದ ಬೀಜ, ದುಂಬಿಗೆ ಕೂಸಿನ ಊಟ. ಎಲ್ಲವನ್ನೂ ಒಯ್ಯಬೇಕೆಂದು ದುಂಬಿಯ ಹವಣಿಕೆ. ಆದಷ್ಟು ಕಡಿಮೆ ಕೊಟ್ಟು ಕೆಲಸ ಮಾಡಿಸಿಕೊಳ್ಳಬೇಕೆಂದು ಹೂವಿನ ಹವಣಿಕೆ. ಈ ವ್ಯವಹಾರ ಬೇಸಗೆಯಲ್ಲಿ ಹಳದಿ ಗೊಂಚಲುಗಳನ್ನು ಇಳಿಬಿಡುವ ಕಕ್ಕೆಮರದಲ್ಲಿ ಚೆನ್ನಾಗಿ ಕಾಣುವುದು. ಮುಂಬಯಿಯ ರಸ್ತೆಗಳ ಬದಿಯಲ್ಲಿಯೂ ಈ ಮರವುಂಟು. ಮರಾಠಿಯವರು ಅದನ್ನು ಬಹಾವಾ ಎನ್ನುವರು. ಅದರ ಹೂವೊಂದನ್ನು ಅಂಗೈಯಲ್ಲಿಟ್ಟು ನೋಡಿರಿ. ಕೇಸರಗಳು ಒಂದೇ ಅಳತೆಯವಲ್ಲ. ಮೂರು ಮಾತ್ರ ಉದ್ದವಾಗಿ ಕೊಕ್ಕೆಯಂತೆ ಬಾಗಿರುವುವು, ಉಳಿದವು ಗಿಡ್ಡ. ಕರಿಯ ಬಡಗಿದುಂಬಿ ಬಂದು ಗಿಡ್ಡ ಕೇಸರಗಳನ್ನು ಹಿಡಿದು ಊಟದ ಪರಾಗವನ್ನು ಉದುರಿಸಿಕೊಳ್ಳುತ್ತಿರುವಾಗ, ಉದ್ದನೆಯ ಕೇಸರಗಳು ಅದರ ಕಾಲುಗಳಿಗೆ ಸುಲಭವಾಗಿ ಎಟುಕದ ಭಾಗಕ್ಕೆ ಬೇರೆ ಪರಾಗವನ್ನು ಬಳಿದುಬಿಡುವುವು. ಅದು ಮುಂದಿನ ಹೂವಿಗೆ ತಲುಪುವುದು. ಒಂದು ಪಾಲು ಕೂಲಿ, ಇನ್ನೊಂದು ಪಾಲು ರವಾನೆಯ ಸರಕು!

ಬದನೆಯ ಹೂವು ಇನ್ನೂ ಜಿಪುಣ. ಅದರಲ್ಲಿ ಮಕರಂದವೇ ಇಲ್ಲ. ಪರಾಗವೂ ಕೊಳವೆಯಂಥ ಕೋಶಗಳೊಳಗೆ ಅಡಗಿದ್ದು, ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ಇರುವುದು. ಉಪ್ಪಿನ ಡಬ್ಬಿಯನ್ನು ಬೋರಲು ಮಾಡಿ ಅಲುಗಿಸಿದಂತೆ ಅಲುಗಿಸಿದರೆ ಪರಾಗ ಬೀಳುವುದು. ಬಡಗಿದುಂಬಿಯೂ ನೀಲಿಪಟ್ಟೆಯ ದುಂಬಿಯೂ ಈ ವಿದ್ಯೆಯನ್ನು ಬಲ್ಲವು. ಅವು ಹೂವನ್ನು ದವಡೆಯಿಂದ ಕಚ್ಚಿ ಹಿಡಿದು, ರೆಕ್ಕೆಗಳನ್ನು ಬೀಸದೆಯೇ ಹಾರಾಟದ ಸ್ನಾಯುಗಳನ್ನು ನಡುಗಿಸುವುವು. ಆಗ ಹಾರುವಾಗಿನದಕ್ಕಿಂತ ಮೇಲಿನ ಸ್ಥಾಯಿಯ ಝೇಂಕಾರ ಕೇಳಿಬಂದು ಪರಾಗವು ಹೊಗೆಯಂತೆ ಚಿಮ್ಮುವುದು. ಜೇನ್ನೊಣಕ್ಕೆ ಈ ವಿದ್ಯೆ ತಿಳಿಯದು. ಯೂರೋಪಿನ ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯುವವರು ಹೂಗೊಂಚಲುಗಳನ್ನು ಕಂಪಿಸುವ ಉಪಕರಣದಿಂದ ಒಂದೊಂದಾಗಿ ಅಲುಗಿಸುತ್ತಿದ್ದರು. ೧೯೮೦ರ ದಶಕದ ಕೊನೆಯಲ್ಲಿ ಬಂಬಲ್ ದುಂಬಿಗಳನ್ನು ಸಾಕುವುದು ಸಾಧ್ಯವಾದ ಮೇಲೆ ಆ ಕೂಲಿ ತಪ್ಪಿತು.

ಯಾವ ಹುಳುವಾದರೂ ಸಾಕೆಂಬ ಭ್ರಮೆಯನ್ನು ಬಿಡಿಸಿದ್ದು ನ್ಯೂಜಿಲೆಂಡ್. ಅಲ್ಲಿಗೆ ಹೋಗಿ ನೆಲೆಸಿದ ಇಂಗ್ಲಿಷರು ದನಗಳ ಮೇವಿಗೆಂದು ಕೆಂಪು ಕ್ಲೋವರ್ ಬಿತ್ತಿದರು. ಗಿಡ ಹುಲುಸಾಗಿ ಬೆಳೆಯಿತು, ಆದರೆ ಬೀಜ ಸರಿಯಾಗಿ ಕಟ್ಟಲಿಲ್ಲ. ಸಾಕುಜೇನು ೧೮೩೯ರಲ್ಲಿಯೇ ಆ ದ್ವೀಪವನ್ನು ಮುಟ್ಟಿತ್ತು. ಆದರೂ ಕ್ಲೋವರಿನ ಹೂಕೊಳವೆ ಆಳವಾದುದು, ಜೇನ್ನೊಣದ ನಾಲಿಗೆ ಗಿಡ್ಡ. ೧೮೮೫ರಲ್ಲಿ ಇಂಗ್ಲೆಂಡಿನಿಂದ ಉದ್ದ ನಾಲಿಗೆಯ ಬಂಬಲ್ ದುಂಬಿಗಳನ್ನು ಹಡಗಿನಲ್ಲಿ ತರಿಸಿ ಬಿಟ್ಟ ಮೇಲೆ ಬೀಜಕ್ಕೆ ಬರವಿಲ್ಲದಾಯಿತು. ವಿಚಿತ್ರವೆಂದರೆ, ಹಾಗೆ ಪರದೇಶಕ್ಕೆ ಹೋದ ಜಾತಿಗಳಲ್ಲೊಂದು ತವರಿನಲ್ಲಿ ಹೂಗಾವಲುಗಳು ಅಳಿದುದರಿಂದ ೧೯೮೮ರ ತರುವಾಯ ಕಾಣಿಸಲೇ ಇಲ್ಲ, ನ್ಯೂಜಿಲೆಂಡಿನಲ್ಲಿ ಉಳಿದುಕೊಂಡಿತು.

ಇನ್ನು ಇವುಗಳ ಗೃಹಕೃತ್ಯ. ನಿಮ್ಮ ಗುಲಾಬಿ ಗಿಡದ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಅರ್ಧಚಂದ್ರಾಕೃತಿ ಕಂಡರೆ ಕಂಬಳಿಹುಳುವನ್ನು ಬಯ್ಯಬೇಡಿರಿ. ಅದು ಎಲೆಗತ್ತರಿ ದುಂಬಿಯ ಕೆಲಸ. ಅದು ಎಲೆಯನ್ನು ತಿನ್ನುವುದಿಲ್ಲ. ಟೊಳ್ಳು ಕಡ್ಡಿಯೋ ಗೋಡೆಯ ತೂತೋ ಸಿಕ್ಕಿದೊಡನೆ ಉದ್ದನೆಯ ತುಂಡುಗಳಿಂದ ಲೋಟದಂಥ ಕೋಣೆಯನ್ನು ಕಟ್ಟುವುದು. ಹತ್ತಾರು ಸಲ ಹೂಗಳಿಗೆ ಹೋಗಿ ಬಂದು ಪರಾಗವನ್ನು ಮಕರಂದದಲ್ಲಿ ಕಲಸಿ ಮುದ್ದೆ ಮಾಡಿ, ಅದರ ಮೇಲೊಂದೇ ಮೊಟ್ಟೆಯನ್ನಿಡುವುದು. ಬಳಿಕ ದುಂಡನೆಯ ತುಂಡುಗಳ ಮುಚ್ಚಳ. ಅದರ ಮುಂದೆ ಮತ್ತೊಂದು ಕೋಣೆ. ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುವುದು. ಯಾವುದನ್ನು ಎಲ್ಲಿಡಬೇಕೆಂಬುದು ತಾಯಿಯ ವಶ. ಹೆಣ್ಣುಗಳನ್ನು ಒಳಗಡೆಯ ಕೋಣೆಗಳಲ್ಲಿಯೂ ಗಂಡುಗಳನ್ನು ಬಾಗಿಲ ಬಳಿಯಲ್ಲಿಯೂ ಇಡುವುದು. ಬೇಗ ಬೆಳೆಯುವ ಗಂಡುಗಳು ಮೊದಲು ಹೊರಬಿದ್ದು ದಾರಿ ಬಿಡುವುವು. ಮಕ್ಕಳ ಮುಖವನ್ನು ತಾಯಿ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಈ ದುಂಬಿ ಪರಾಗವನ್ನು ಹೊಟ್ಟೆಯ ಕೆಳಗಿನ ಕೂದಲಲ್ಲಿ ಒಣಗಿದ ಹಿಟ್ಟಿನಂತೆಯೇ ಒಯ್ಯುವುದು. ಜೇನ್ನೊಣವಾದರೋ ಮಕರಂದದಿಂದ ಒದ್ದೆಮಾಡಿ ಹಿಂಗಾಲಿನ ಬುಟ್ಟಿಯಲ್ಲಿ ಉಂಡೆ ಕಟ್ಟಿಬಿಡುವುದು. ಆ ಉಂಡೆಯಿಂದ ಹೂವಿಗೆ ಮರಳುವುದು ಅತ್ಯಲ್ಪ. ಅಚ್ಚುಕಟ್ಟಿಲ್ಲದವನ ಜೋಳಿಗೆಯಿಂದ ದಾರಿಯುದ್ದಕ್ಕೂ ಕಾಳು ಸುರಿದಂತೆ, ಒಂಟಿ ದುಂಬಿಯಿಂದ ಹೂವಿಗೆ ಲಾಭ. ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ನಾನಾ ಭಾಗಗಳ ೬೦೦ ಹೊಲತೋಟಗಳನ್ನು ಪರೀಕ್ಷಿಸಿತು. ಜೇನ್ನೊಣಗಳ ಭೇಟಿ ಹೆಚ್ಚಿದಾಗ ಕಾಯಿಗಟ್ಟುವುದರಲ್ಲಿ ಆದ ಏಳಿಗೆಗಿಂತ, ಕಾಡುಕೀಟಗಳ ಭೇಟಿ ಅಷ್ಟೇ ಹೆಚ್ಚಿದಾಗ ಆದ ಏಳಿಗೆ ಇಮ್ಮಡಿಯೆಂದು ಕಂಡುಬಂದಿತು.

ಹಾಗೆಂದು ಹಟ್ಟಿ ಕಟ್ಟುವವನ್ನು ಹಳಿಯಲಾಗದು. ನಮ್ಮ ಹೆಜ್ಜೇನೂ ಕಾಡಿನದೇ. ಕೊಡಗಿನ ರೊಬಸ್ಟಾ ಕಾಫಿಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವಾಗ ಪರಾಗವನ್ನು ಹೊರುವ ಮುಖ್ಯ ಆಳು ಹೆಜ್ಜೇನು. ಒಂದೇ ಜಾತಿಯನ್ನು ನಂಬಿ ಕುಳಿತರೆ ಏನಾಗುವುದೆಂಬುದನ್ನೂ ಆ ಸೀಮೆ ಬಲ್ಲದು: ೧೯೯೧-೯೨ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ, ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ರೋಗ ಬಂದರೆ ಪೆಟ್ಟಿಗೆಯ ಒಡೆಯನು ಅಳುವನು. ಒಂಟಿ ದುಂಬಿಗೆ ಒಡೆಯನಿಲ್ಲ. ನೆಲಕ್ಕೆಲ್ಲ ಸಿಮೆಂಟು ಬಳಿದು, ಒಣಗಿದ ಕಡ್ಡಿಗಳನ್ನು ಗುಡಿಸಿ, ಹೂಬಿಟ್ಟ ಹೊಲಕ್ಕೆ ಹಗಲಿನಲ್ಲಿಯೇ ವಿಷ ಸಿಂಪಡಿಸಿದಾಗ ಅದು ಎಲ್ಲಿ ಸತ್ತಿತೆಂದು ಎಣಿಸುವವರೂ ಇಲ್ಲ. ಇವುಗಳಲ್ಲಿ ಬಹುಪಾಲು ನೆಲದಲ್ಲಿಯೇ ಬಿಲ ತೋಡುವಂಥವು; ಬರಿಯ ಮಣ್ಣಿನ ತುಣುಕು ನಮಗೆ ಪಾಳು, ಅವಕ್ಕೆ ಮನೆ.

ಚಾಳಿನಲ್ಲಿರುವ ನಮಗೆ ಇವೆಲ್ಲಿ ಕಾಣಸಿಗುವುವೆಂದು ಕೇಳುವಿರೇನೋ. ಗ್ಯಾಲರಿಯಲ್ಲಿ ತುಲಸಿಯ ಕುಂಡವಿದ್ದರೆ ತೆನೆಗಳನ್ನು ಚಿವುಟದೆ ಕೆಲವು ದಿನ ಬಿಡಿರಿ. ಬಿಸಿಲೇರಿದ ಮೇಲೆ, ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ದುಂಬಿಯೊಂದು ಗಾಳಿಯಲ್ಲಿ ನಿಂತು ನಿಂತು ಹೂವಿಂದ ಹೂವಿಗೆ ಸರಿಯುವುದು ಕಾಣಬಹುದು. ಅದರ ಹಿಂದೆಯೇ ಕರಿಯ ಮೈಯಲ್ಲಿ ನೀಲಿ ಚುಕ್ಕೆಗಳ ಮತ್ತೊಂದು ಬಂದರೆ ಅದರ ಕಾಲುಗಳನ್ನು ನೋಡಿರಿ. ಪರಾಗ ಹೊರುವ ಕೂದಲಿರುವುದಿಲ್ಲ. ಅದು ಕೋಗಿಲೆಯ ಜಾತಿಯ ದುಂಬಿ, ನೀಲಿಪಟ್ಟೆಯವಳ ಬಿಲದಲ್ಲಿ ಕದ್ದು ಮೊಟ್ಟೆಯಿಡುವುದು. ಕಂಡ ದಿನ, ಹೊತ್ತು, ಹೂವು, ಪರಾಗವಿದ್ದ ಅಂಗ ಇವನ್ನು ಬರೆದಿಡಿರಿ. ಬೋರಿವಲಿಯ ಕಾಡಿನಂಚಿಗೆ ಹೋಗುವವರು ಮುಸ್ಸಂಜೆಯಲ್ಲಿ ಒಣಗಿದ ಕಡ್ಡಿಗಳನ್ನು ಗಮನಿಸಿರಿ. ಗೂಡಿನ ಹಕ್ಕಿಲ್ಲದ ಗಂಡುದುಂಬಿಗಳು ದವಡೆಯಿಂದ ಕಡ್ಡಿಯನ್ನು ಕಚ್ಚಿಕೊಂಡು, ಕಾಲುಗಳನ್ನು ಮಡಿಸಿ, ಒಂದರ ಪಕ್ಕದಲ್ಲೊಂದು ಸಾಲಾಗಿ ನಿದ್ರಿಸುತ್ತಿರುವುವು.