ಪ್ರತಿಕೃತಿ ಕೊಳ್ಳುವ ಮುನ್ನ

ನವ್ಯಚಿತ್ರದ ಮೂಲಪ್ರತಿ ನಮ್ಮ ಸಂಬಳಕ್ಕೆ ನಿಲುಕದು. ಅಚ್ಚಿನ ಪ್ರತಿಕೃತಿ ಕೈಗೆಟಕೀತು. ಆದರೆ ಆಕಾರವಿಲ್ಲದ ಚಿತ್ರದಲ್ಲಿ ಮೋಸಹೋಗುವುದು ಸುಲಭ. ಮುಖವಾದರೆ ಸೊಟ್ಟಮೂಗು ಕಣ್ಣಿಗೆ ಬೀಳುತ್ತದೆ. ಬಣ್ಣವೇ ಸರ್ವಸ್ವವಾದಲ್ಲಿ ಅದು ಕೆಟ್ಟರೂ ತಿಳಿಯದು.

ಮುಂಬಯಿಯ ಜೆ. ಜೆ. ಶಾಲೆಯಲ್ಲಿ ಕಲಿತ ವಿ. ಎಸ್. ಗಾಯತೋಂಡೆ (1924–2001) ರೋಲರು, ಚೂರಿಗಳಿಂದ ಪದರದ ಮೇಲೆ ಪದರ ಬಣ್ಣ ಹಚ್ಚುತ್ತಿದ್ದರು. ಆ ಆಳ ಕಾಗದಕ್ಕೆ ಪೂರ್ತಿ ಇಳಿಯದು. ಆದುದರಿಂದ ಓದುಗ ಮಿತ್ರರು ರಜೆಯ ದಿನ ಫೋರ್ಟಿನಿಂದ ಕಾಲಾಘೋಡಾಕ್ಕೆ ನಡೆದು, ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದೊಳಗೆ 2011ರಲ್ಲಿ ತೆರೆದ ಜಹಾಂಗೀರ್ ನಿಕಲ್ಸನ್ ಗ್ಯಾಲರಿಯಲ್ಲಿ ಮೂಲಚಿತ್ರಗಳನ್ನು ನೋಡಿಬರಬೇಕು. ಕಣ್ಣು ಪಳಗಲಿ.

‘ಮ್ಯೂಸಿಯಂ ದರ್ಜೆ’ ಎಂಬುದು ವ್ಯಾಪಾರಿಯ ಮಾತು. ಆಮ್ಲರಹಿತ ಕಾಗದವೇ, ಬೇಗ ಮಾಸದ ಪಿಗ್ಮೆಂಟ್ ಶಾಯಿಯೇ ಎಂದು ಕೇಳಿರಿ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅದು ಕ್ಯಾಲೆಂಡರಿನಂಥದೇ ಅಚ್ಚು. ಕ್ಯಾಲೆಂಡರಿನ ಬೆಲೆಯನ್ನೇ ಕೊಡಿರಿ.